ಕೋರ್ಟ್ ಪಕ್ಕ ಕೂತು ಬಾಸ್ಕೆಟ್‌ಬಾಲ್ ಫೋಟೋ: ಮೊದಲು ಬೆಳಕು ಅಳೆಯಿರಿ, ಆಮೇಲೆ ಕ್ಯಾಮೆರಾ ಕೊಳ್ಳಿ

ಮೈಸೂರು, ಮಂಡ್ಯದ ಹುಡುಗರು ನನಗೆ ವಾಟ್ಸಾಪ್‌ನಲ್ಲಿ ಕಳಿಸುವ ಬಾಸ್ಕೆಟ್‌ಬಾಲ್ ಫೋಟೋಗಳಲ್ಲಿ ಮೂರು ದೋಷಗಳು ಮತ್ತೆ ಮತ್ತೆ ಕಾಣುತ್ತವೆ. ಚೆಂಡು ಹಿಡಿದ ಕೈ ಹೊಗೆಯ ಹಾಗೆ ಕಲಸಿಹೋಗಿರುತ್ತದೆ. ಕೈ ಚೆನ್ನಾಗಿ ನಿಂತಿದ್ದರೆ, ಮುಖದ ಮೇಲೆಲ್ಲ ರಾಗಿ ಉದುರಿಸಿದ ಹಾಗೆ ಗ್ರೇನ್ಸ್. ಅದೂ ಸರಿಯಿದ್ದರೆ ಆಟಗಾರ ಹೆಬ್ಬೆರಳಿನಷ್ಟು ಚಿಕ್ಕದಾಗಿರುತ್ತಾನೆ, ಇಲ್ಲವೇ ರಿಂಗು, ಚೆಂಡು ಎರಡೂ ಫ್ರೇಮ್‌ನಿಂದ ಆಚೆ ಹೋಗಿರುತ್ತವೆ. ಕೆಳಗೆ ಒಂದೇ ಪ್ರಶ್ನೆ: "ಸರ್, ಯಾವ ಕ್ಯಾಮೆರಾ ತಗೊಳ್ಳಲಿ?"

ಈ ಪ್ರಶ್ನೆಯಿಂದ ಶುರುಮಾಡಿದ್ದಕ್ಕೇ ಅಷ್ಟೊಂದು ದುಡ್ಡು ಹಾಳಾಗುತ್ತಿದೆ. ಮಂಡ್ಯದ ಒಬ್ಬ ಹುಡುಗ ಮನೆಯಲ್ಲಿ ಕಾಡಿ ಬೇಡಿ ಹೊಸ ಫುಲ್‌ಫ್ರೇಮ್ ಕ್ಯಾಮೆರಾ (ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವುದು) ಕೊಂಡ. ಲೆನ್ಸ್‌ಗೆ ದುಡ್ಡು ಉಳಿಯಲಿಲ್ಲ, ಜೊತೆಗೆ ಬಂದ ಎಫ್ 4-7.1 ಜೂಮ್ (ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಬಿಡುತ್ತದೆ) ಹಾಕಿಕೊಂಡೇ ಸಂಜೆ ಏಳರ ಪಂದ್ಯಕ್ಕೆ ಕೂತ. ನಾನೂರು ಫೋಟೋ ತೆಗೆದ, ಒಂದೂ ಉಪಯೋಗಕ್ಕೆ ಬರಲಿಲ್ಲ. ಅವನ ಪಕ್ಕದಲ್ಲೇ ಕೂತಿದ್ದವರ ಕೈಯಲ್ಲಿ ಇದ್ದದ್ದು ಹತ್ತು ವರ್ಷ ಹಳೆಯ ಕ್ರಾಪ್ (ಫುಲ್‌ಫ್ರೇಮ್‌ಗಿಂತ ಚಿಕ್ಕ) ಸೆನ್ಸರ್ ಕ್ಯಾಮೆರಾ, ಅದಕ್ಕೊಂದು 50 ಮಿ.ಮೀ. ಎಫ್ 1.8 ಲೆನ್ಸ್ (ಮಿ.ಮೀ. ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ). ಅವರ ಫೋಟೋಗಳನ್ನು ಆಟಗಾರರು ಅದೇ ರಾತ್ರಿ ಕೇಳಿ ಕೇಳಿ ಇಸ್ಕೊಂಡರು.

ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಬೆಳಕು, ದೀಪದ ಮಿನುಗು, ಕೂರುವ ಜಾಗ, ಲೆನ್ಸ್, ಆಮೇಲೆ ಬಾಡಿ, ಅಂದರೆ ಲೆನ್ಸ್ ಬಿಟ್ಟು ಬರಿಯ ಕ್ಯಾಮೆರಾ. ಮೊದಲ ಮೂರು ಹಂತಗಳಿಗೆ ಒಂದು ರೂಪಾಯಿ ಖರ್ಚಿಲ್ಲ.

ಶುರುಮಾಡುವ ಮೊದಲು ಕೈಯಲ್ಲಿರಬೇಕಾದ್ದು

ಮ್ಯಾನುವಲ್ ಮೋಡ್ (ಸೆಟ್ಟಿಂಗ್‌ಗಳನ್ನು ನಾವೇ ಇಡುವ ವಿಧಾನ) ಇರುವ ಯಾವುದಾದರೂ ಕ್ಯಾಮೆರಾ ಸಾಕು, ಸ್ನೇಹಿತರದ್ದಾದರೂ ಆದೀತು. ಅದಕ್ಕೊಂದು ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಬರುವುದು), ಒಂದು ಬಿಳಿ ಎ4 ಹಾಳೆ, ಬರೆದುಕೊಳ್ಳಲು ಪುಸ್ತಕ. ಹೋಗುವ ಹೊತ್ತು ಮುಖ್ಯ. ನೀವು ತೆಗೆಯಬೇಕಾದ ಪಂದ್ಯ ಎಷ್ಟು ಗಂಟೆಗೋ ಅಷ್ಟೇ ಗಂಟೆಗೆ ಹೋಗಿ. ಸಂಜೆ ಐದೂವರೆಗೆ ಅಳೆದ ಬೆಳಕು ಏಳೂವರೆಗೆ ಕೆಲಸಕ್ಕೆ ಬಾರದು.

ಹಂತ 1: ಕೋರ್ಟಿನ ಬೆಳಕು ಅಳೆಯಿರಿ

ಕ್ಯಾಮೆರಾವನ್ನು ಮ್ಯಾನುವಲ್ ಮೋಡ್‌ಗೆ ಹಾಕಿ. ಶಟರ್ 1/1000 ಇಡಿ, ಅಂದರೆ ಅದು ಸೆಕೆಂಡಿನ ಸಾವಿರದಲ್ಲೊಂದು ಭಾಗ ಮಾತ್ರ ತೆರೆದಿರುತ್ತದೆ. ಕಿಟ್ ಲೆನ್ಸನ್ನು ಎಫ್ 5.6ಕ್ಕೆ ತನ್ನಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಅಂಕಿ ಏರಿದಷ್ಟೂ ಗ್ರೇನ್ಸ್ ಹೆಚ್ಚು) ಆಟೋ ಮಾಡಿ, ಅದರ ಗರಿಷ್ಠ ಮಿತಿಯನ್ನು ಕ್ಯಾಮೆರಾ ಬಿಡುವಷ್ಟು ಮೇಲಕ್ಕೆ ಏರಿಸಿ. ಈಗ ರಿಂಗ್ ಕೆಳಗಿನ ಸಿಮೆಂಟ್ ಅಥವಾ ಮರದ ನೆಲವೇ ಫ್ರೇಮ್ ತುಂಬುವ ಹಾಗೆ ಹಿಡಿದು ಫೋಟೋ ತೆಗೆಯಿರಿ. ಕ್ಯಾಮೆರಾ ತಾನಾಗಿ ಎಷ್ಟು ಐಎಸ್‌ಒ ತೆಗೆದುಕೊಂಡಿತು ಎಂದು ಬರೆದುಕೊಳ್ಳಿ.

ನೆಲವನ್ನೇ ಏಕೆ ತೆಗೆಯಬೇಕೆಂದರೆ, ಬಯಲು ಕೋರ್ಟಿನಲ್ಲಿ ಆಟಗಾರನ ಹಿಂದೆ ಕಪ್ಪು ಆಕಾಶ ಇರುತ್ತದೆ. ಆ ಕಪ್ಪು ಕ್ಯಾಮೆರಾದ ಲೆಕ್ಕವನ್ನು ಕೆಡಿಸುತ್ತದೆ.

ಹೀಗೆ ಐದು ಕಡೆ ಅಳೆಯಿರಿ: ಎರಡೂ ರಿಂಗ್ ಕೆಳಗೆ, ಮಧ್ಯದ ವೃತ್ತದಲ್ಲಿ, ನೀವು ಕೂರುವ ತುದಿಯ ಎರಡು ಮೂಲೆಗಳಲ್ಲಿ. ನಮ್ಮ ಬಯಲು ಕೋರ್ಟುಗಳಲ್ಲಿ ದೀಪದ ಕಂಬಗಳು ಸಾಮಾನ್ಯವಾಗಿ ಉದ್ದದ ಬದಿಯಲ್ಲಿ ಇರುತ್ತವೆ. ಮಧ್ಯದಲ್ಲಿ ಹಗಲಿನಂತೆ ಬೆಳಕಿದ್ದು ರಿಂಗ್ ಕೆಳಗೆ ಮಬ್ಬಾಗಿರುವುದು ಹೊಸದೇನಲ್ಲ. ಲೆನ್ಸ್ ಆರಿಸುವಾಗ ರಿಂಗ್ ಕೆಳಗಿನ ಅಂಕಿಯನ್ನೇ ನಂಬಿ, ಆಟ ನಡೆಯುವುದು ಅಲ್ಲೇ.

ಈಗ ಸಿಕ್ಕ ಐಎಸ್‌ಒ ಅಂಕಿಯನ್ನು ಹೀಗೆ ಓದಿ. ಎಫ್ 2.8 ಲೆನ್ಸ್ ಹಾಕಿದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಎಫ್ 1.8 ಹಾಕಿದರೆ ಹೆಚ್ಚುಕಡಿಮೆ ಹತ್ತನೇ ಒಂದು ಭಾಗಕ್ಕೆ.

ಕಿಟ್ ಲೆನ್ಸ್ 12,800 ತೋರಿಸಿತು ಅನ್ನಿ. ಎಫ್ 2.8ರಲ್ಲಿ ಅದು 3,200 ಆಗುತ್ತದೆ, ಅಂಥ ಕೋರ್ಟಿನಲ್ಲಿ ಎಫ್ 2.8 ಜೂಮ್ ಹಾಯಾಗಿ ಕೆಲಸ ಮಾಡುತ್ತದೆ. 25,600 ತೋರಿಸಿದರೆ ಎಫ್ 2.8ರಲ್ಲಿ 6,400. ಫುಲ್‌ಫ್ರೇಮ್‌ಗೆ ಇದು ತೊಂದರೆಯಿಲ್ಲ, ಹಳೆಯ ಕ್ರಾಪ್ ಕ್ಯಾಮೆರಾಕ್ಕೆ ಕಷ್ಟ. 51,200 ಅಥವಾ ಅದಕ್ಕೂ ಮೇಲೆ ಹೋದರೆ ಜೂಮ್‌ನ ಆಸೆ ಬಿಡಿ, ಎಫ್ 1.8 ಪ್ರೈಮ್ (ಜೂಮ್ ಇಲ್ಲದ) ಲೆನ್ಸ್ ಒಂದೇ ದಾರಿ. ಹಗಲಿನ ಬಯಲು ಪಂದ್ಯ ಮಾತ್ರ ತೆಗೆಯುವವರಿಗೆ ಈ ಯಾವ ತಲೆಬಿಸಿಯೂ ಇಲ್ಲ, ಕಿಟ್ ಲೆನ್ಸೇ ಸಾಕು.

ಕ್ಯಾಮೆರಾ ತನ್ನ ಗರಿಷ್ಠ ಐಎಸ್‌ಒ ಮುಟ್ಟಿಯೂ ಫೋಟೋ ಕಪ್ಪಾಗಿ ಬಂದರೆ ಶಟರ್ ಅನ್ನು 1/250ಕ್ಕೆ ಇಳಿಸಿ ಅಳೆದು, ಬಂದ ಅಂಕಿಯನ್ನು ನಾಲ್ಕರಿಂದ ಗುಣಿಸಿಕೊಳ್ಳಿ.

*ಎಲ್ಲರೂ ಮಾಡುವ ತಪ್ಪು:* ಬೆಳಕು ಸಾಲದು ಎಂದು ಶಟರ್ ಅನ್ನು 1/320, 1/250ಕ್ಕೆ ಇಳಿಸಿ ಪಂದ್ಯ ತೆಗೆಯುವುದು. ಫ್ರೀ ಥ್ರೋ (ಫೌಲ್‌ಗೆ ಸಿಗುವ, ಯಾರೂ ತಡೆಯದ ಎಸೆತ) ಎಸೆಯುವ ಆಟಗಾರ ಸ್ವಲ್ಪ ಹೊತ್ತು ನಿಂತಿರುತ್ತಾನೆ, ಅಲ್ಲಿ ಅದು ನಡೆಯುತ್ತದೆ. ಓಡಿ ಬಂದು ಹಾರಿ ಚೆಂಡು ಹಾಕುವ ಲೇಅಪ್‌ಗೆ ನಡೆಯದು. 1/800ರ ಕೆಳಗೆ ಮೊಣಕೈಯಿಂದ ಮುಂದಿನದೆಲ್ಲ ಕಲಸುತ್ತದೆ. ಗ್ರೇನ್ಸ್ ಆಮೇಲೆ ಸಾಫ್ಟ್‌ವೇರ್‌ನಲ್ಲಿ ಕಡಿಮೆ ಮಾಡಬಹುದು, ಕಲಸಿದ ಕೈಯನ್ನು ಯಾವ ಸಾಫ್ಟ್‌ವೇರೂ ಸರಿಮಾಡದು.

ಇನ್ನೊಂದು ತಪ್ಪು ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗ್) ಫೋಟೋ ನೋಡಿ, ಅದರ ಸೆಟ್ಟಿಂಗ್ ಇಲ್ಲಿ ನಕಲು ಮಾಡುವುದು. ಅಲ್ಲಿನ ಅಂಗಳಗಳಲ್ಲಿ ಚಾವಣಿಗೆ ದೊಡ್ಡ ಸ್ಟ್ರೋಬ್ ಫ್ಲಾಶ್‌ಗಳನ್ನು ಕಟ್ಟಿರುತ್ತಾರೆ. ಕೆಳಗೆ ಕೂತ ಫೋಟೋಗ್ರಾಫರ್ ಶಟರ್ ಒತ್ತಿದರೆ ರೇಡಿಯೊ ಟ್ರಿಗರ್ ಮೂಲಕ ಅವು ಬೆಳಗುತ್ತವೆ. ಅವರ ಕಡಿಮೆ ಐಎಸ್‌ಒ ಬಂದದ್ದು ಆ ಫ್ಲಾಶ್‌ನಿಂದ. ನಮ್ಮಲ್ಲಿ ಆ ವ್ಯವಸ್ಥೆ ಇಲ್ಲ, ಕ್ಯಾಮೆರಾ ಮೇಲಿನ ಫ್ಲಾಶನ್ನು ಆಟಗಾರನ ಕಣ್ಣಿಗೆ ಹೊಡೆಯುವ ಹಾಗೂ ಇಲ್ಲ.

ಹಂತ 2: ದೀಪ ಮಿನುಗುತ್ತದೆಯೇ ನೋಡಿ

ನಮ್ಮ ಕರೆಂಟು 50 ಹರ್ಟ್ಸ್. ಅಂದರೆ ಹಲವು ದೀಪಗಳು ಸೆಕೆಂಡಿಗೆ 100 ಸಲ ಹೆಚ್ಚಿ ಕುಗ್ಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ 1/1000ರ ಶಟರ್ ಆ ಏರಿಳಿತದ ಹತ್ತನೇ ಒಂದು ಭಾಗವನ್ನಷ್ಟೇ ನೋಡುತ್ತದೆ. ಒಂದು ಫೋಟೋ ಏರಿದಾಗ ಬೀಳುತ್ತದೆ, ಮುಂದಿನದು ಇಳಿದಾಗ.

ಪರೀಕ್ಷೆ ಸುಲಭ. ಬಿಳಿ ಹಾಳೆಯನ್ನು ದೀಪದ ಕೆಳಗೆ ಹಿಡಿಸಿ, ಐಎಸ್‌ಒ ಒಂದು ಅಂಕಿಗೆ ನಿಲ್ಲಿಸಿ, 1/1000ರಲ್ಲಿ ಒಂದೇ ಸಮನೆ ಇಪ್ಪತ್ತು ಫೋಟೋ ಹೊಡೆಯಿರಿ. ಒಂದೊಂದಾಗಿ ತಿರುಗಿಸಿ ನೋಡಿ. ನಾನು ಒಂದು ಕೋರ್ಟಿನಲ್ಲಿ ಹೀಗೆ ಮಾಡಿದಾಗ ಮೊದಲ ಹಾಳೆ ಬೆಳ್ಳಗೆ, ಎರಡನೆಯದು ಕೆನೆಹಾಲಿನ ಬಣ್ಣಕ್ಕೆ, ಮೂರನೆಯದು ಮೇಲರ್ಧ ಬಿಳಿಯಾಗಿ ಕೆಳಗರ್ಧ ಚಹಾ ಚೆಲ್ಲಿದ ಹಾಗೆ ಕಂದಾಗಿ ಬಂದವು. ಅದೇ ಹಾಳೆ, ಅದೇ ಸೆಕೆಂಡು. ಪಂದ್ಯದಲ್ಲಿ ಆ ಹಾಳೆಯ ಜಾಗದಲ್ಲಿ ಬಿಳಿ ಜೆರ್ಸಿ ಇರುತ್ತದೆ.

ನಿಮ್ಮ ಕೋರ್ಟಿನಲ್ಲೂ ಹೀಗೆ ಬಂದರೆ, ಕೊಳ್ಳುವ ಬಾಡಿಯಲ್ಲಿ ಆಂಟಿ-ಫ್ಲಿಕರ್ ಇರಲೇಬೇಕು ಎಂದು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ. ಅದು ದೀಪ ಪೂರ್ತಿ ಬೆಳಗುವ ಕ್ಷಣ ಕಾದು ಶಟರ್ ಬಿಡುತ್ತದೆ. ಫೋಟೋಗಳ ವೇಗ ಸ್ವಲ್ಪ ಇಳಿಯುತ್ತದೆ, ಇಳಿಯಲಿ. ಹಾಳೆ ಇಪ್ಪತ್ತರಲ್ಲೂ ಒಂದೇ ಥರ ಬಂದರೆ ಈ ವಿಷಯ ಮರೆತುಬಿಡಿ, ಹಳೆಯ ಬಾಡಿಗಳೂ ನಿಮಗೆ ಆಗುತ್ತವೆ.

ಹಳೆಯ ಮೆಟಲ್ ಹ್ಯಾಲೈಡ್ ದೀಪಗಳಿರುವ ಕಡೆ ಇನ್ನೊಂದು ಎಚ್ಚರ. ಪಂದ್ಯದ ಮಧ್ಯೆ ಕರೆಂಟು ಹೋಗಿ ಬಂದರೆ ಅವು ತಣಿದು ಮತ್ತೆ ಹೊತ್ತಿಕೊಳ್ಳಲು ಹಲವು ನಿಮಿಷ ಬೇಕು, ಹೊತ್ತಿದ ಮೇಲೂ ಬಣ್ಣ ಮೊದಲಿನಂತೆ ಬರಲು ಸಮಯ ಹಿಡಿಯುತ್ತದೆ. ಆಗ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣಲು ಮಾಡುವ ಹೊಂದಾಣಿಕೆ) ಮತ್ತೊಮ್ಮೆ ಮಾಡಿಕೊಳ್ಳಬೇಕು.

ಹಂತ 3: ಕೂರುವ ಜಾಗ ಗೊತ್ತುಮಾಡಿ, ದೂರ ಲೆಕ್ಕ ಹಾಕಿ

ಎಲ್ಲರೂ ಬಿಡುವ ಹಂತ ಇದು. ಲೆನ್ಸ್ ಎಷ್ಟು ಮಿ.ಮೀ. ಇರಬೇಕು ಎನ್ನುವುದನ್ನು ಅಂಗಡಿಯವರು ಹೇಳಲಾರರು, ನೀವು ಕೂರುವ ಜಾಗವೇ ಹೇಳಬೇಕು.

ಕೂರಬೇಕಾದ್ದು ರಿಂಗ್ ಇರುವ ಗಿಡ್ಡ ಬದಿಯಲ್ಲಿ, ಬೇಸ್‌ಲೈನ್ (ಆ ಬದಿಯ ಗೆರೆ) ಹಿಂದೆ, ರಿಂಗಿನ ಕಂಬಕ್ಕೂ ಮೂಲೆಗೂ ನಡುವೆ, ಕಂಬದಿಂದ ಸುಮಾರು ಮೂರು ಮೀಟರ್ ಪಕ್ಕಕ್ಕೆ. ಅಲ್ಲಿ ಕೂತರೆ ಆಟಗಾರರು ನಿಮ್ಮ ಮುಖಕ್ಕೆ ಎದುರಾಗಿ ಓಡಿ ಬರುತ್ತಾರೆ. ಉದ್ದದ ಬದಿಯಲ್ಲಿ ಕೂತರೆ ಸಿಗುವುದೆಲ್ಲ ಪಕ್ಕದ ಮುಖ, ಜೊತೆಗೆ ರೆಫರಿ ಅಡ್ಡ ಓಡುತ್ತಾರೆ. ಕಂಬದ ನೇರ ಹಿಂದೆ ಕೂತರೆ ಬಲೆ, ಕಂಬ, ಕಂಕುಳು ಇಷ್ಟೇ ಕಾಣುವುದು.

ಅಳತೆಪಟ್ಟಿ ಬೇಡ, ಕೋರ್ಟಿನ ಗೆರೆಗಳೇ ಸಾಕು. ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ಅಳತೆಯ ಕೋರ್ಟು 28 ಮೀಟರ್ ಉದ್ದ, 15 ಮೀಟರ್ ಅಗಲ. ರಿಂಗಿನ ಎತ್ತರ 3.05 ಮೀಟರ್. ಬೇಸ್‌ಲೈನ್‌ನಿಂದ ರಿಂಗಿನ ಮಧ್ಯಕ್ಕೆ 1.575 ಮೀಟರ್, ಫ್ರೀ ಥ್ರೋ ಗೆರೆಗೆ 5.8 ಮೀಟರ್. ಬೇಸ್‌ಲೈನ್‌ನಿಂದ 2 ಮೀಟರ್ ಹಿಂದೆ ಕೂತಿದ್ದೀರಿ ಎಂದುಕೊಂಡರೆ ನಿಮ್ಮಿಂದ ಹತ್ತಿರದ ರಿಂಗಿನ ಕೆಳಗಿನ ಜಾಗಕ್ಕೆ ಸುಮಾರು 4.7 ಮೀಟರ್, ಫ್ರೀ ಥ್ರೋ ಗೆರೆಗೆ 8.4, ಮಧ್ಯದ ಗೆರೆಗೆ 16, ಆಚೆ ತುದಿಯ ರಿಂಗಿಗೆ 28ರ ಮೇಲೆ.

ಈಗ ನಾನು ಎಲ್ಲರಿಗೂ ಹೇಳಿಕೊಡುವ ಸೂತ್ರ. ಕ್ಯಾಮೆರಾವನ್ನು ಲಂಬವಾಗಿ ಹಿಡಿದಾಗ ಫುಲ್‌ಫ್ರೇಮ್ ಸೆನ್ಸರಿನ ಎತ್ತರ 36 ಮಿ.ಮೀ. ಹಾಗಾಗಿ ದೂರದ ಮೀಟರನ್ನು 10ರಿಂದ ಗುಣಿಸಿದರೆ ಬರುವ ಮಿ.ಮೀ. ಲೆನ್ಸ್ 3.6 ಮೀಟರ್ ಎತ್ತರವನ್ನು ಫ್ರೇಮ್‌ಗೆ ತರುತ್ತದೆ. ಕಾಲಿನಿಂದ ರಿಂಗಿನವರೆಗೆ ಎಲ್ಲ ಬಂದು ಮೇಲೆ ಒಂದು ಗೇಣು ಎರಡು ಗೇಣು ಜಾಗ ಉಳಿಯುತ್ತದೆ. ಕ್ರಾಪ್ ಸೆನ್ಸರ್ ಆದರೆ 10ರ ಬದಲು 6.5ರಿಂದ ಗುಣಿಸಿ. ಕ್ಯಾನನ್ ಕ್ರಾಪ್ ಇನ್ನೂ ಕೊಂಚ ಚಿಕ್ಕದು, ಅದಕ್ಕೆ 6.2.

ಲೆಕ್ಕ ಮಾಡಿ ನೋಡಿ. ರಿಂಗ್ ಕೆಳಗಿನ ಲೇಅಪ್‌ಗೆ ಫುಲ್‌ಫ್ರೇಮ್‌ನಲ್ಲಿ 47, ಅಂದರೆ 50 ಮಿ.ಮೀ. ಲೆನ್ಸ್. ಕ್ರಾಪ್‌ನಲ್ಲಿ 30, ಅಂದರೆ ಅಂಗಡಿಯಲ್ಲಿ ಸಿಗುವ 35. ಫ್ರೀ ಥ್ರೋ ಗೆರೆಯ ಹತ್ತಿರದ ಜಂಪ್ ಶಾಟ್‌ಗೆ ಫುಲ್‌ಫ್ರೇಮ್‌ನಲ್ಲಿ 85, ಕ್ರಾಪ್‌ನಲ್ಲಿ 50. ಮಧ್ಯದ ಗೆರೆ ದಾಟಿ ಡ್ರಿಬಲ್ ಮಾಡುತ್ತ ಬರುವವನಿಗೆ ಫುಲ್‌ಫ್ರೇಮ್‌ನಲ್ಲಿ 160, ಕ್ರಾಪ್‌ನಲ್ಲಿ 105ರ ಆಸುಪಾಸು. ಆಚೆ ರಿಂಗಿಗೆ ಫುಲ್‌ಫ್ರೇಮ್‌ನಲ್ಲಿ 280 ಬೇಕು, ಅದರ ಆಸೆ ಬೇಡ. ರಿಂಗ್ ಬೇಡ, ಆಟಗಾರನೇ ಫ್ರೇಮ್ ತುಂಬಲಿ ಎಂದಾದರೆ ಫುಲ್‌ಫ್ರೇಮ್‌ಗೆ 10ರ ಬದಲು 15, ಕ್ರಾಪ್‌ಗೆ 10.

ಬಹಳ ಜನ 70-200 ಮಿ.ಮೀ. ಜೂಮ್ ಕೊಂಡು ತಂದು ಬೇಸ್‌ಲೈನ್‌ನಲ್ಲಿ ಕೂತು ಗೋಳಾಡುವುದು ಈ ಲೆಕ್ಕ ಮಾಡದೆ. ಕ್ರಾಪ್ ಕ್ಯಾಮೆರಾದಲ್ಲಿ 70ಕ್ಕೇ ನಿಲ್ಲಿಸಿದರೂ ರಿಂಗ್ ಕೆಳಗೆ ಸಿಗುವುದು ಎದೆಯಿಂದ ಮೇಲೆ ಅಥವಾ ಭುಜದಿಂದ ಕೆಳಗೆ. ಪಂದ್ಯದ ಅತಿ ಒಳ್ಳೆಯ ಕ್ಷಣಗಳು ನಡೆಯುವ ಜಾಗವೇ ಆ ಲೆನ್ಸಿಗೆ ಕುರುಡು.

*ಎಚ್ಚರಿಕೆ:* ನಮ್ಮ ಹಲವು ಕೋರ್ಟುಗಳಲ್ಲಿ ಬೇಸ್‌ಲೈನ್ ಹಿಂದೆ ಎರಡು ಮೀಟರ್ ಜಾಗ ಇರುವುದೇ ಇಲ್ಲ. ಗೋಡೆ, ತಂತಿ ಬೇಲಿ ಅಥವಾ ಚರಂಡಿ ಬಂದುಬಿಡುತ್ತದೆ. ಅಂಥಲ್ಲಿ ಮೂಲೆಗೆ ಸರಿಯಿರಿ. ಲೇಅಪ್ ಹಾಕಿದ ಆಟಗಾರ ಅದೇ ವೇಗದಲ್ಲಿ ಗೆರೆ ದಾಟಿ ಬರುತ್ತಾನೆ, ಅವನ ಕಣ್ಣು ಚೆಂಡಿನ ಮೇಲಿರುತ್ತದೆ. ಎನ್‌ಬಿಎ ಕೂಡ 2014ರಲ್ಲಿ ಇದೇ ಕಾರಣಕ್ಕೆ ಬೇಸ್‌ಲೈನ್ ಫೋಟೋಗ್ರಾಫರ್‌ಗಳ ಜಾಗ ಕಡಿಮೆ ಮಾಡಿ, ಕಂಬದ ಎರಡೂ ಕಡೆ ಖಾಲಿ ಜಾಗ ಹೆಚ್ಚಿಸಿತು. ಕಾಲು ಮಡಚಿ ಕೂರಿ, ಚಾಚಬೇಡಿ. ಬ್ಯಾಗು, ನೀರಿನ ಬಾಟಲಿ, ಟ್ರೈಪಾಡ್ ಯಾವುದೂ ಮುಂದೆ ಇರಬಾರದು. ನಿಮ್ಮ ಬ್ಯಾಗಿನ ಪಟ್ಟಿಗೆ ಕಾಲು ಸಿಕ್ಕಿ ಒಬ್ಬ ಹುಡುಗಿಯ ಮೊಣಕಾಲು ಹೋದರೆ ಯಾವ ಫೋಟೋ ತಾನೇ ಅದನ್ನು ತುಂಬಿಕೊಟ್ಟೀತು?

ಹಂತ 4: ಲೆನ್ಸ್ ಆರಿಸಿ

ಈಗ ಎರಡು ಅಂಕಿ ನಿಮ್ಮ ಹತ್ತಿರ ಇವೆ: ಬೆಳಕು ಹೇಳಿದ ಅಪರ್ಚರ್ (ಎಫ್ ಅಂಕಿ), ಜಾಗ ಹೇಳಿದ ಮಿ.ಮೀ. ಅವೆರಡೂ ಕೂಡುವ ಲೆನ್ಸ್ ಕೊಳ್ಳಿ.

ಮೊದಲ ಲೆನ್ಸ್ ಕೊಳ್ಳುವವರಿಗೆ ನನ್ನ ಮಾತು ಸ್ಪಷ್ಟ. ಕ್ರಾಪ್ ಕ್ಯಾಮೆರಾ ಇದ್ದರೆ 50 ಎಫ್ 1.8, ಫುಲ್‌ಫ್ರೇಮ್ ಇದ್ದರೆ 85 ಎಫ್ 1.8. ಹಲವು ಕಂಪನಿಗಳ 50ರ ಲೆನ್ಸ್ ಹೊಸದೇ ಅಗ್ಗಕ್ಕೆ ಬರುತ್ತದೆ. ಜೂಮ್ ಇಲ್ಲ ಎನ್ನುವುದು ಮೊದಲೆರಡು ಪಂದ್ಯ ಕಾಡುತ್ತದೆ. ಆಮೇಲೆ, ಈ ಲೆನ್ಸಿಗೆ ಆಟಗಾರ ಎಲ್ಲಿಗೆ ಬಂದರೆ ಸರಿಹೋಗುತ್ತಾನೆ ಎಂದು ಕಣ್ಣಿಗೇ ಗೊತ್ತಾಗಿಬಿಡುತ್ತದೆ, ಅಲ್ಲಿಗೆ ಬರುವವರೆಗೆ ಕಾಯುವುದನ್ನು ಬೆರಳು ಕಲಿಯುತ್ತದೆ.

ಎರಡನೆಯ ಲೆನ್ಸ್ ಎಫ್ 2.8ರ 70-200, ಅದೂ ಹಂತ 1ರಲ್ಲಿ ನಿಮ್ಮ ಕೋರ್ಟಿನ ಬೆಳಕು ಒಪ್ಪಿದ್ದರೆ. ಇಲ್ಲೊಂದು ದುಡ್ಡು ಉಳಿಸುವ ದಾರಿ ಇದೆ. ಇಮೇಜ್ ಸ್ಟೆಬಿಲೈಸೇಶನ್ ತಡೆಯುವುದು ನಿಮ್ಮ ಕೈನಡುಕವನ್ನು ಮಾತ್ರ, ಆಟಗಾರನ ಓಟವನ್ನಲ್ಲ. 1/1000ರಲ್ಲಿ ಕೈನಡುಕ ಕಾಣುವುದೇ ಇಲ್ಲ. ಹಾಗಾಗಿ ಸ್ಟೆಬಿಲೈಸೇಶನ್ ಇಲ್ಲದ ಹಳೆಯ ಕ್ಯಾನನ್ ಇಎಫ್ 70-200 ಎಫ್ 2.8 ಥರದ ಲೆನ್ಸ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಬಿಡಬೇಡಿ.

ಲೆನ್ಸ್ ವಿಷಯದಲ್ಲಿ ಜನ ಬೀಳುವ ಗುಂಡಿಗಳು ಇವು.

ಎಫ್ 1.8ಕ್ಕಿಂತ ಎಫ್ 1.2 ಇನ್ನೂ ಒಳ್ಳೆಯದಲ್ಲವೇ ಎನ್ನುತ್ತಾರೆ. ಕ್ಯಾನನ್ ಇಎಫ್ 85 ಎಫ್ 1.2 ಮದುವೆಗೆ ರತ್ನ, ಆದರೆ ಅದರ ಫೋಕಸ್ ನಿಧಾನ. ಅದೇ ಕಂಪನಿಯ ಅಗ್ಗದ 85 ಎಫ್ 1.8 ಯುಎಸ್‌ಎಂ ಬಾಸ್ಕೆಟ್‌ಬಾಲ್‌ಗೆ ಅದನ್ನು ಮೀರಿಸುತ್ತದೆ. ಫುಲ್‌ಫ್ರೇಮ್‌ನಲ್ಲಿ 85 ಎಫ್ 1.8ರಲ್ಲಿ ಎಂಟು ಮೀಟರ್ ದೂರಕ್ಕೆ ಚೂಪಾಗಿ ಬರುವ ಆಳವೇ ಸುಮಾರು ಒಂದು ಮೀಟರ್. ಅದಕ್ಕಿಂತ ತೆಳುವಾದರೆ ಚೆಂಡು ಚೂಪು, ಮುಖ ಮಂಜು.

ನಿಕಾನ್‌ನ ಹಳೆಯ ಎಎಫ್-ಡಿ ಲೆನ್ಸ್‌ಗಳು, ಉದಾಹರಣೆಗೆ 50 ಎಫ್ 1.8ಡಿ, ಅಗ್ಗಕ್ಕೆ ಸಿಗುತ್ತವೆ. ಅವುಗಳಲ್ಲಿ ಫೋಕಸ್ ಮಾಡುವ ಮೋಟರ್ ಇಲ್ಲ. ಡಿ3000, ಡಿ5000 ಸರಣಿಯ ಬಾಡಿಗಳಲ್ಲೂ ಮೋಟರ್ ಇಲ್ಲ, ಝಡ್ ಸರಣಿಯ ಕ್ಯಾಮೆರಾಕ್ಕೆ ಹಳೆಯ ಲೆನ್ಸ್ ಕೂರಿಸುವ ಎಫ್‌ಟಿಝಡ್ ಅಡಾಪ್ಟರ್‌ನಲ್ಲೂ ಇಲ್ಲ. ಹಾಕಿದರೆ ಆಟೋಫೋಕಸ್ ಸತ್ತಂತೆಯೇ. ಎಎಫ್-ಎಸ್ ಎಂದು ಬರೆದದ್ದನ್ನೇ ಕೇಳಿ ತೆಗೆದುಕೊಳ್ಳಿ.

70-200 ಎಫ್ 4 ತೂಕ ಕಡಿಮೆ, ಬೆಲೆ ಕಡಿಮೆ, ರಾತ್ರಿ ಪಂದ್ಯಕ್ಕೆ ಬೇಡ. ಲೆನ್ಸಿನ ಮಿ.ಮೀ. ಹೆಚ್ಚಿಸುವ ಟೆಲಿಕನ್ವರ್ಟರ್ ಕೂಡ ಬೇಡ, ಇರುವ ಬೆಳಕನ್ನೂ ಅದು ನುಂಗುತ್ತದೆ.

ಹಂತ 5: ಈಗ ಕ್ಯಾಮೆರಾ ಬಾಡಿ

ಮೆಗಾಪಿಕ್ಸೆಲ್ ನೋಡಬೇಡಿ. 20 ಮೆಗಾಪಿಕ್ಸೆಲ್ ಪತ್ರಿಕೆಗೂ ಪೋಸ್ಟರಿಗೂ ಸಾಕು. ನೋಡಬೇಕಾದ್ದು, ಇದೇ ಕ್ರಮದಲ್ಲಿ: ಓಡುವವನನ್ನು ಬಿಡದೆ ಹಿಡಿಯುವ ಆಟೋಫೋಕಸ್, ಹಂತ 2ರಲ್ಲಿ ಬೇಕೆಂದು ಬಂದಿದ್ದರೆ ಆಂಟಿ-ಫ್ಲಿಕರ್, ನಿಮ್ಮ ಐಎಸ್‌ಒ ಅಂಕಿಯಲ್ಲಿ ಮುಖದ ಬಣ್ಣ ಕೆಡದಿರುವುದು, ಕೊನೆಗೆ ಸೆಕೆಂಡಿಗೆ ಎಷ್ಟು ಫೋಟೋ. 8 ಅಥವಾ 10 ಇದ್ದರೆ ಬೇಕಾದಷ್ಟಾಯಿತು.

ಫುಲ್‌ಫ್ರೇಮ್ ಎಂದ ಮಾತ್ರಕ್ಕೆ ಮರುಳಾಗಬೇಡಿ. ಕ್ಯಾನನ್ 6ಡಿ ಕತ್ತಲಲ್ಲಿ ಚೆನ್ನಾಗಿ ತೆಗೆಯುವ ಫುಲ್‌ಫ್ರೇಮ್ ಕ್ಯಾಮೆರಾ, ಆದರೆ ಅದರ ಫೋಕಸ್ ಪಾಯಿಂಟು 11, ಅದರಲ್ಲಿ ಕ್ರಾಸ್ ಟೈಪ್ (ಅಡ್ಡ, ಉದ್ದ ಎರಡೂ ಗೆರೆ ಗುರುತಿಸುವುದು) ಮಧ್ಯದ್ದೊಂದೇ, ವೇಗ ಸೆಕೆಂಡಿಗೆ 4.5. ಕೋರ್ಟ್ ಪಕ್ಕಕ್ಕೆ ಅದಕ್ಕಿಂತ ಕ್ರಾಪ್ ಸೆನ್ಸರಿನ ನಿಕಾನ್ ಡಿ500 ಎಷ್ಟೋ ಮೇಲು: 153 ಪಾಯಿಂಟು, ಸೆಕೆಂಡಿಗೆ 10 ಫೋಟೋ, ಫ್ಲಿಕರ್ ತಡೆ. ಕ್ಯಾನನ್ ಪಕ್ಷದವರಿಗೆ 7ಡಿ ಮಾರ್ಕ್ 2 ಇದೆ, 65 ಪಾಯಿಂಟೂ ಕ್ರಾಸ್ ಟೈಪ್, ಆಂಟಿ-ಫ್ಲಿಕರ್ ಇದೆ. ಗ್ರೇನ್ಸ್ ಮಾತ್ರ ಡಿ500ಕ್ಕಿಂತ ಬೇಗ ಕಾಣಿಸಿಕೊಳ್ಳುತ್ತದೆ, ಅದಕ್ಕೆ ಎಫ್ 1.8 ಲೆನ್ಸೇ ಜೊತೆಯಾಗಬೇಕು. ಈ ಎರಡೂ ಈಗ ಸೆಕೆಂಡ್ ಹ್ಯಾಂಡ್‌ನಲ್ಲೇ ಹುಡುಕಬೇಕಾದವು. ಕೈಯಲ್ಲಿ ಹೆಚ್ಚು ದುಡ್ಡಿದ್ದು ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಬಗೆ) ಬೇಕೆಂದರೆ ಕ್ಯಾನನ್ ಆರ್6 ಮಾರ್ಕ್ 2 ಮೆಕ್ಯಾನಿಕಲ್ (ಪರದೆ ಚಲಿಸುವ) ಶಟರ್‌ನಲ್ಲೇ ಸೆಕೆಂಡಿಗೆ 12 ಫೋಟೋ ಕೊಡುತ್ತದೆ, ಮನುಷ್ಯನ ಕಣ್ಣು ಹುಡುಕಿ ಫೋಕಸ್ ಹಿಡಿಯುತ್ತದೆ.

ಮಿರರ್‌ಲೆಸ್ ಕೊಂಡವರು ಮಾಡುವ ಒಂದು ತಪ್ಪನ್ನು ಒತ್ತಿ ಹೇಳಬೇಕು. ಡಬ್ಬದ ಮೇಲೆ 30, 40 ಎಂದು ಬರೆದ ವೇಗವೆಲ್ಲ ಎಲೆಕ್ಟ್ರಾನಿಕ್ ಶಟರ್‌ನದ್ದು, ಅಂದರೆ ಪರದೆ ಇಲ್ಲದೆ ಸೆನ್ಸರನ್ನು ಸಾಲುಸಾಲಾಗಿ ಓದುವುದು. ಸಾಮಾನ್ಯ ಸೆನ್ಸರಿನಲ್ಲಿ ಅದನ್ನು ಹಾಕಿದರೆ ಚೆಂಡು ಮೊಟ್ಟೆಯಂತಾಗಬಹುದು, ಎಲ್‌ಇಡಿ ದೀಪದ ಕೆಳಗೆ ಅಡ್ಡ ಪಟ್ಟಿಗಳು ಬರಬಹುದು. ಸೋನಿ ಎ9, ನಿಕಾನ್ ಝಡ್9 ಥರದ ಸ್ಟ್ಯಾಕ್ಡ್ (ಅತಿ ವೇಗವಾಗಿ ಓದುವ) ಸೆನ್ಸರ್ ಇರುವವುಗಳಲ್ಲಿ ಚೆಂಡು ದುಂಡಗೇ ಉಳಿಯುತ್ತದೆ, ಪಟ್ಟಿಗಳ ಪರೀಕ್ಷೆ ಅವಕ್ಕೂ ಬೇಕು. ಉಳಿದವರು ಮೆಕ್ಯಾನಿಕಲ್ ಶಟರ್‌ನಲ್ಲೇ ಇರಿ.

ಹಂತ 6: ಕಾರ್ಡು, ಬ್ಯಾಟರಿ, ಚಿಲ್ಲರೆ ಸಾಮಾನು

ರಾ (ಕ್ಯಾಮೆರಾ ಸಂಸ್ಕರಿಸದ) ಫೈಲ್ ಒಂದಕ್ಕೆ ಸುಮಾರು 25 ಎಂಬಿ ಹಿಡಿಯಿರಿ. ಸೆಕೆಂಡಿಗೆ 10ರಂತೆ ಮೂರು ಸೆಕೆಂಡು ಒತ್ತಿದರೆ 750 ಎಂಬಿ. ಸಾಮಾನ್ಯ ಎಸ್‌ಡಿ ಕಾರ್ಡು ಸೆಕೆಂಡಿಗೆ 90 ಎಂಬಿ ಬರೆದರೂ ಎಲ್ಲ ಮುಗಿಯಲು ಎಂಟು ಸೆಕೆಂಡು ದಾಟುತ್ತದೆ. ಬಫರ್ (ಕ್ಯಾಮೆರಾದ ತಾತ್ಕಾಲಿಕ ಮೆಮೊರಿ) ಚಿಕ್ಕದಿದ್ದರೆ ಅಷ್ಟರಲ್ಲಿ ರೀಬೌಂಡ್ ಆಗಿ, ಚೆಂಡು ಮತ್ತೆ ರಿಂಗಿಗೆ ಹೋಗಿ, ಕ್ಯಾಮೆರಾ ಮಾತ್ರ ಕೆಂಪು ದೀಪ ಉರಿಸುತ್ತ ಕೂತಿರುತ್ತದೆ. ಕ್ಯಾಮೆರಾ ಒಪ್ಪಿದರೆ ಇನ್ನೂ ವೇಗದ ಯುಎಚ್‌ಎಸ್-2 ಕಾರ್ಡು ತೆಗೆದುಕೊಳ್ಳಿ. ಇಲ್ಲದಿದ್ದರೆ ಜೆಪೆಗ್‌ನಲ್ಲಿ ತೆಗೆಯಿರಿ, ನಾಲ್ಕು ನಾಲ್ಕು ಫೋಟೋಗಳ ಚಿಕ್ಕ ತುಂಡುಗಳಲ್ಲಿ ಒತ್ತಿ. ಕಾರ್ಡನ್ನು ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ, ನಕಲಿ ಕಾರ್ಡುಗಳು ಅಸಲಿಯ ಥರವೇ ಕಾಣುತ್ತವೆ.

ಬ್ಯಾಟರಿ ಎರಡು. ಲೆನ್ಸ್ ಹುಡ್ ಕಡ್ಡಾಯ, ಚೆಂಡು ಬಂದು ಬಡಿದಾಗ ಗಾಜಿಗಿಂತ ಮೊದಲು ಅದು ಏಟು ತಿನ್ನುತ್ತದೆ. ಸಿಮೆಂಟ್ ಕೋರ್ಟಿಗೆ ಕೂರಲು ದಪ್ಪ ಚಾಪೆಯ ತುಂಡು. ದಸರಾ ಹೊತ್ತಿನ ಪಂದ್ಯಗಳಿಗೆ ಹೋಗುವವರು ಕ್ಯಾಮೆರಾ ಮುಚ್ಚಲು ಪ್ಲಾಸ್ಟಿಕ್ ಕವರ್ ಇಟ್ಟುಕೊಳ್ಳಿ, ಆ ದಿನಗಳಲ್ಲಿ ಸಂಜೆ ಮಳೆ ಹೇಳಿ ಬರುವುದಿಲ್ಲ. ಮರದ ನೆಲದ ಒಳಾಂಗಣಕ್ಕೆ ಹೋದರೆ ಹೊರಗಿನ ಚಪ್ಪಲಿ ಬಾಗಿಲಲ್ಲೇ ಬಿಡಿ.

ಹಂತ 7: ಕೊಳ್ಳುವ ಮೊದಲು ಒಂದು ಸಂಜೆ ಬಾಡಿಗೆಗೆ ತನ್ನಿ

ಬಾಸ್ಕೆಟ್‌ಬಾಲ್‌ಗೆ ಬೇಕಾದ ಲೆನ್ಸ್‌ಗಳೆಲ್ಲ ನಮ್ಮೂರಿನಲ್ಲಿ ಮದುವೆ ಫೋಟೋಗ್ರಾಫರ್‌ಗಳ ಹತ್ತಿರ ಇವೆ. 85, 24-70, 70-200 ಎಫ್ 2.8 ಎಲ್ಲ. ಆಷಾಢದಲ್ಲಿ ಮದುವೆಗಳಿಲ್ಲ, ಆ ಲೆನ್ಸ್‌ಗಳು ಬೀರುವಿನಲ್ಲಿ ಕೂತಿರುತ್ತವೆ. ಆ ತಿಂಗಳು ಕೇಳಿದರೆ ಪರಿಚಯದವರು ಕೊಡುತ್ತಾರೆ, ಬಾಡಿಗೆಯೂ ಚೌಕಾಸಿಗೆ ಒಗ್ಗುತ್ತದೆ. ಲಗ್ನದ ದಿನಗಳಲ್ಲಿ, ದಸರಾ ಸಮಯದಲ್ಲಿ ಕೇಳಿದರೆ ಸಿಗುವುದು ಕಷ್ಟ.

ತಂದ ಲೆನ್ಸನ್ನು ಸಂಜೆ ಅಭ್ಯಾಸ ನಡೆಯುವಾಗ ಪರೀಕ್ಷಿಸಿ. ಮೈಸೂರಿನವರಿಗೆ ಚಾಮುಂಡಿ ವಿಹಾರ, ಮಂಡ್ಯದವರಿಗೆ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದ ಕಡೆ, ಇಲ್ಲವೇ ಹತ್ತಿರದ ಕಾಲೇಜಿನ ಕೋರ್ಟು. ಕೋಚ್ ಹತ್ತಿರ ಹೋಗಿ ಮೊದಲು ಕೇಳಿ. ಆಡುವವರು ಶಾಲೆಯ ಮಕ್ಕಳಾಗಿದ್ದರೆ ಕೇಳದೆ ಕ್ಯಾಮೆರಾ ಹೊರಗೇ ತೆಗೆಯಬೇಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹಗಲು ಬೆಳಕಿನಲ್ಲಿ ಮಾತ್ರ ನೋಡಿ ದುಡ್ಡು ಕೊಟ್ಟುಬಿಡಬೇಡಿ. ಲೆನ್ಸಿನ ಒಂದು ಕಡೆಯಿಂದ ಫೋನ್ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ, ಜೇಡರ ಬಲೆಯಂಥ ಗೆರೆಗಳಿದ್ದರೆ ಅದು ಫಂಗಸ್. ನಿಮ್ಮ ಕಡೆಗೆ ನಡೆದು ಬರುವ ಒಬ್ಬರ ಮೇಲೆ ಕಂಟಿನ್ಯೂಯಸ್ (ಚಲಿಸುವವರನ್ನು ಹಿಂಬಾಲಿಸುವ) ಫೋಕಸ್ ಹಾಕಿ ಇಪ್ಪತ್ತು ಫೋಟೋ ತೆಗೆದು, ಕಣ್ಣಿನ ಮೇಲೆ ದೊಡ್ಡದು ಮಾಡಿ ನೋಡಿ. ಎಲ್ಲದರಲ್ಲೂ ಕಿವಿ ಚೂಪಾಗಿದ್ದು ಕಣ್ಣು ಮಂಜಾಗಿದ್ದರೆ ಫೋಕಸ್ ಹಿಂದಕ್ಕೆ ಬೀಳುತ್ತಿದೆ. ಬಾಡಿಯ ಶಟರ್ ಎಣಿಕೆ, ಅಂದರೆ ಈವರೆಗೆ ಎಷ್ಟು ಫೋಟೋ ತೆಗೆದಿದೆ ಎಂದು ಕೇಳಿ. ಡಿ500, 7ಡಿ ಮಾರ್ಕ್ 2 ಎರಡರ ಶಟರ್‌ಗೂ ಕಂಪನಿ ಹೇಳಿರುವ ಆಯುಸ್ಸು 2 ಲಕ್ಷ. 1.8 ಲಕ್ಷ ಆದದ್ದನ್ನು ಒಳ್ಳೆಯ ಬೆಲೆ ಎಂದು ತಂದರೆ ರಿಪೇರಿ ಖರ್ಚನ್ನೂ ಜೊತೆಗೇ ತಂದಂತೆ.

ಹಂತ 8: ದೊಡ್ಡ ಪಂದ್ಯಕ್ಕೆ ಹೋಗುವಾಗ

ದೊಡ್ಡ ಪಂದ್ಯ ಎಂದರೆ ನಮಗೆ ಬೆಂಗಳೂರು. 2017 ಮತ್ತು 2019ರ ಮಹಿಳಾ ಏಷ್ಯಾ ಕಪ್ ನಡೆದ ಕಂಠೀರವ ಒಳಾಂಗಣದಂಥ ಕಡೆ ಬೇಸ್‌ಲೈನ್‌ಗೆ ಹೋಗಲು ಮೊದಲೇ ಅನುಮತಿ, ಕೊರಳಿಗೆ ಪಾಸು ಬೇಕು, ಕೂರುವ ಜಾಗವನ್ನೂ ಅವರೇ ಹೇಳುತ್ತಾರೆ. ಅಲ್ಲಿ ಒಂದೇ ಕ್ಯಾಮೆರಾ ಸಾಲದು. ಆಚೆ ಅರ್ಧದಿಂದ ಬರುವವನಿಗೆ 70-200, ಹತ್ತಿರ ಬಂದ ಕೂಡಲೇ ಮಡಿಲಲ್ಲಿರುವ ಎರಡನೇ ಬಾಡಿಯಲ್ಲಿ 24-70 ಅಥವಾ 35. ಮಧ್ಯದಲ್ಲಿ ಲೆನ್ಸ್ ಬದಲಿಸಲು ಹೊತ್ತಿರುವುದಿಲ್ಲ. ಎರಡನೇ ಬಾಡಿಯನ್ನು ಬಾಡಿಗೆಗೇ ತನ್ನಿ, ಕೊಳ್ಳುವ ಅಗತ್ಯವಿಲ್ಲ. ಎರಡರ ಗಡಿಯಾರವನ್ನೂ ಸೆಕೆಂಡಿನವರೆಗೆ ಹೊಂದಿಸಿಕೊಳ್ಳಿ, ಇಲ್ಲದಿದ್ದರೆ ರಾತ್ರಿ ಫೋಟೋ ವಿಂಗಡಿಸುವಾಗ ಮೂರನೇ ಕ್ವಾರ್ಟರ್ ಮೊದಲನೆಯದರ ಒಳಗೆ ನುಗ್ಗಿರುತ್ತದೆ.

ಬೋರ್ಡ್ ಹಿಂದೆ ಕಟ್ಟುವ ರಿಮೋಟ್ ಕ್ಯಾಮೆರಾದ ಆಸೆಯನ್ನು ಈಗ ಬಿಡಿ. ಆಟಗಾರರ ತಲೆಯ ಮೇಲೆ ತೂಗುವ ವಸ್ತು ಅದು. ಸಂಘಟಕರ ಒಪ್ಪಿಗೆ, ಗಟ್ಟಿ ಕ್ಲ್ಯಾಂಪು, ಅದರ ಮೇಲೊಂದು ಉಕ್ಕಿನ ಸುರಕ್ಷತಾ ತಂತಿ ಇಲ್ಲದೆ ಯಾರೂ ಕಟ್ಟಬಾರದು.

ಹಂತ 9: ಮೊದಲ ಪಂದ್ಯ, ಆಮೇಲಿನ ರಾತ್ರಿ

ಪಂದ್ಯಕ್ಕೆ ಅರ್ಧ ಗಂಟೆ ಮೊದಲು ಹೋಗಿ. ಬಿಳಿ ಹಾಳೆಯಿಂದ ವೈಟ್ ಬ್ಯಾಲೆನ್ಸ್ ಮಾಡಿಕೊಳ್ಳಿ. ಮ್ಯಾನುವಲ್ ಮೋಡ್, 1/1000, ಲೆನ್ಸ್ ಪೂರ್ತಿ ತೆರೆದು (ಅದರ ಅತಿ ಚಿಕ್ಕ ಎಫ್ ಅಂಕಿಗೆ), ಕಂಟಿನ್ಯೂಯಸ್ ಫೋಕಸ್. ಹಂತ 1ರಲ್ಲಿ ಐದೂ ಕಡೆ ಬೆಳಕು ಒಂದೇ ಥರ ಇದ್ದರೆ ಐಎಸ್‌ಒ ಅಂಕಿ ನಿಲ್ಲಿಸಿ, ಮಧ್ಯಕ್ಕೂ ರಿಂಗಿಗೂ ಎರಡರಷ್ಟು ವ್ಯತ್ಯಾಸ ಇದ್ದರೆ ಆಟೋಗೆ ಬಿಟ್ಟು ಮೇಲ್ಮಿತಿ ಇಡಿ. ವಾರ್ಮ್ ಅಪ್ ನಡೆಯುವಾಗಲೇ ಐವತ್ತು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಅಲ್ಲಿ ಕಂಡ ದೋಷವನ್ನು ಅಲ್ಲೇ ತಿದ್ದಬಹುದು. ಒಂದೇ ತಂಡದ ದಾಳಿ ಬೇಕಿದ್ದರೆ ಅರ್ಧ ಸಮಯದಲ್ಲಿ ನೀವೂ ಎದ್ದು ಆಚೆ ತುದಿಗೆ ಹೋಗಬೇಕು, ದ್ವಿತೀಯಾರ್ಧಕ್ಕೆ ತಂಡಗಳು ರಿಂಗ್ ಬದಲಿಸುತ್ತವೆ.

ಮನೆಗೆ ಬಂದು ನಿಮಗೆ ನಿಜವಾಗಿ ಇಷ್ಟವಾದ ಇಪ್ಪತ್ತು ಫೋಟೋ ಬೇರೆ ಮಾಡಿ. ಪ್ರತಿಯೊಂದರ ಮಾಹಿತಿ ತೆರೆದು ಮಿ.ಮೀ., ಐಎಸ್‌ಒ, ಶಟರ್ ಪುಸ್ತಕದಲ್ಲಿ ಬರೆಯಿರಿ. ಬಿಸಾಡಿದವುಗಳಲ್ಲೂ ಇಪ್ಪತ್ತು ತೆಗೆದು, ಏಕೆ ಬಿಸಾಡಿದಿರಿ ಎಂದು ಒಂದೊಂದೇ ಪದದಲ್ಲಿ ಬರೆಯಿರಿ: ಕಲಸಿದೆ, ಗ್ರೇನ್ಸ್, ಫೋಕಸ್ ತಪ್ಪಿದೆ, ಕತ್ತರಿಸಿದೆ, ದೂರ. ಮೂರು ಪಂದ್ಯ ಹೀಗೆ ಮಾಡಿ. "ದೂರ" ಹೆಚ್ಚಿದ್ದರೆ ಮುಂದೆ ಕೊಳ್ಳಬೇಕಾದ್ದು ಉದ್ದದ ಲೆನ್ಸು. "ಕತ್ತರಿಸಿದೆ" ಹೆಚ್ಚಿದ್ದರೆ 35ರ ಲೆನ್ಸು. "ಫೋಕಸ್ ತಪ್ಪಿದೆ" ಎನ್ನುವುದೇ ತುಂಬಿಕೊಂಡಿದ್ದರೆ ಮೊದಲು ಒಂದು ತಿಂಗಳು ಅಭ್ಯಾಸದ ಕೋರ್ಟಿಗೆ ಹೋಗಿ ಬನ್ನಿ. ಆಗಲೂ ಅದೇ ಪದ ಬಂದರೆ, ನಿಮಗೆ ಹೊಸ ಬಾಡಿ ಬೇಕು.